ಹಿಡಿಯಬೇಡಿ, ಉರುಳಲು ಬಿಡಿ!

ಮಕ್ಕಳ ಕೈಗೆ ಒಂದು ಕೋಲು ಕೊಟ್ಟು ನೋಡಿ. ಅವರು ಮೊದಲು ಮಾಡುವ ಕೆಲಸವೇ ಅದನ್ನು ಬಿಗಿಯಾಗಿ ಹಿಡಿದು ಬೀಸುವುದು. ಕ್ರಿಕೆಟ್ ಬ್ಯಾಟು, ಹಾಕಿ ಸ್ಟಿಕ್ಕು, ಚಿನ್ನಿದಾಂಡಿನ ದಾಂಡು, ಗರಡಿಮನೆಯ ದೊಣ್ಣೆವರಸೆ... ಎಲ್ಲ ಕಡೆಯೂ ಮೊದಲ ಪಾಠ ಹಿಡಿತದ್ದೇ. ಆದರೆ ಇಲ್ಲೊಂದು ಕೋಲಿದೆ. ಇದರ ಮೊದಲ ಪಾಠವೇ ‘ಹಿಡಿಯಬೇಡ’ ಎಂಬುದು!

ಇದರ ಹೆಸರು ಡ್ರ್ಯಾಗನ್ ಸ್ಟಾಫ್. ಸುಮಾರು ಒಂದೂಕಾಲರಿಂದ ಒಂದೂವರೆ ಮೀಟರ್ ಉದ್ದದ ಕೋಲು. ಎತ್ತಿನಗಾಡಿಯ ಚಕ್ರದ ಹೊರಸುತ್ತನ್ನು ಕಿತ್ತು ಅರೆಕಾಲುಗಳನ್ನಷ್ಟೇ ಉಳಿಸಿದರೆ ಹೇಗಿರುತ್ತದೋ ಹಾಗೆ, ಎರಡೂ ತುದಿಗಳಲ್ಲಿ ಮೂರೋ ನಾಲ್ಕೋ ಐದೋ ಕಡ್ಡಿಗಳು. ಕಡ್ಡಿಗಳ ತುದಿಯಲ್ಲಿ ತುಸು ಭಾರ. ಆಟಗಾರ ಇದನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಅದು ಲಟ್ಟಣಿಗೆಯ ಹಾಗೆ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ, ಕತ್ತಿನ ಹಿಂಬದಿಯಿಂದ ಇನ್ನೊಂದು ತೋಳಿಗೆ ಉರುಳುತ್ತಾ ಹೋಗುತ್ತದೆ. ನೋಡುವವರಿಗೆ ಕೋಲಿಗೇ ಜೀವ ಬಂದಿದೆಯೇನೋ ಎನಿಸುತ್ತದೆ.

ಗೋವಾದ ಅರಂಬೋಲ್, ನಮ್ಮ ಗೋಕರ್ಣದ ಕುಡ್ಲೆಯಂಥ ಕಡಲತೀರಗಳಲ್ಲಿ ಸಂಜೆಯ ಹೊತ್ತು ಪ್ರವಾಸಿಗರು ಇಂಥ ಆಟಗಳನ್ನು ಆಡುವುದುಂಟು. ಅದಕ್ಕಿಂತ ಹೆಚ್ಚಾಗಿ ಮಕ್ಕಳು ಇದನ್ನು ನೋಡುವುದು ಮೊಬೈಲ್ ಪರದೆಯಲ್ಲಿ. ನೋಡಿದ ಮೇಲೆ ‘ನನಗೂ ಬೇಕು’ ಎಂಬ ಹಟ. ‘ಓದೋದು ಬಿಟ್ಟು ಸರ್ಕಸ್ ಸೇರ್ತೀಯಾ?’ ಎಂಬ ಅಪ್ಪನ ಗದರಿಕೆ. ‘ಬೆಂಕಿ ಗಿಂಕಿ ಹಚ್ಚಿಕೊಂಡೀಯ, ಜೋಕೆ!’ ಎಂಬ ಅಮ್ಮನ ಆತಂಕ. ಮೂವರ ಮಾತಿನಲ್ಲೂ ಅರ್ಥವಿದೆ. ಒಂದೊಂದಾಗಿ ನೋಡೋಣ.

ಹಳೆಯ ಬಳಗದ ಹೊಸ ಕೂಸು

ಡ್ರ್ಯಾಗನ್ ಸ್ಟಾಫ್ ಇತ್ತೀಚಿನ ದಶಕಗಳ ಸೃಷ್ಟಿ. ಆದರೆ ಅದರ ಬಂಧುಬಳಗ ಹಳೆಯದು. ನ್ಯೂಜಿಲೆಂಡಿನ ಮಾವೋರಿ ಜನರ ‘ಪೋಯಿ’ ನೃತ್ಯದಲ್ಲಿ ದಾರಕ್ಕೆ ಕಟ್ಟಿದ ಚೆಂಡುಗಳನ್ನು ಹಾಡಿನ ಲಯಕ್ಕೆ ತಿರುಗಿಸುತ್ತಾರೆ. ಸಮೋವಾ ದ್ವೀಪದವರಿಗೆ ಯೋಧರ ಕತ್ತಿಯನ್ನು ಗಿರಗಿರನೆ ತಿರುಗಿಸುವ ಸಂಪ್ರದಾಯವಿತ್ತು. 1946ರಲ್ಲಿ ಫ್ರೆಡ್ಡಿ ಲೆತುಲಿ ಎಂಬ ಸಮೋವಾದ ಕಲಾವಿದರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಕತ್ತಿಗೆ ಬೆಂಕಿ ಸೇರಿಸಿ ಆಡಿ ತೋರಿಸಿದರು. ಅದು ಇಂದು ಜಗತ್ತಿನೆಲ್ಲೆಡೆ ‘ಫೈರ್ ನೈಫ್’ ಎಂದು ಹೆಸರಾಗಿದೆ.

ನಮ್ಮಲ್ಲೂ ಇಂಥ ಕುಶಲತೆ ಕಡಿಮೆಯೇನಿಲ್ಲ. ಮಲೆ ಮಹದೇಶ್ವರನ ಗುಡ್ಡರು ಬೀಸು ಕಂಸಾಳೆಯಲ್ಲಿ ದಾರಕ್ಕೆ ಕಟ್ಟಿದ ಕಂಚಿನ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ, ಮತ್ತೆ ಬಟ್ಟಲಿಗೆ ಸರಿಯಾಗಿ ತಾಗಿಸುವುದನ್ನು ನೆನೆಸಿಕೊಳ್ಳಿ. ಆಳಿಗಿಂತ ಎಷ್ಟೋ ಎತ್ತರದ ನಂದಿಕೋಲನ್ನು ಸೊಂಟದ ಪಟ್ಟಿಗೆ ಊರಿ ಕುಣಿಯುವವರ ಸಮತೋಲನವನ್ನು ನೆನೆಸಿಕೊಳ್ಳಿ. ಡ್ರ್ಯಾಗನ್ ಸ್ಟಾಫ್ ಇವುಗಳಿಂದ ಹುಟ್ಟಿದ್ದಲ್ಲ. ಆದರೆ ವಸ್ತುವಿನ ಭಾರವನ್ನು ಮೈಯಿಂದಲೇ ಅರಿಯುವ ವಿದ್ಯೆ ಎಲ್ಲ ಕಡೆಯೂ ಒಂದೇ.

‘ಮೈಯಿಂದ ಅರಿಯುವುದು’ ಎಂದರೇನು? 1986ರಲ್ಲಿ ತೆರೆಕಂಡ ‘ಲ್ಯಾಬಿರಿಂತ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ನಟ ಡೇವಿಡ್ ಬೋವಿ ಗಾಜಿನ ಗೋಳಗಳನ್ನು ಕೈಬೆರಳುಗಳ ಮೇಲೆ ನೀರಿನಂತೆ ಹರಿಸುವ ದೃಶ್ಯವಿದೆ. ಕೈ ಮಾತ್ರ ಬೋವಿಯದಲ್ಲ! ಮೈಕೆಲ್ ಮೋಷನ್ ಎಂಬ ಜಗ್ಲರ್, ಬೋವಿಯ ಬೆನ್ನ ಹಿಂದೆ ಅವಿತು, ತಮ್ಮ ಕೈಯನ್ನು ಮುಂದಕ್ಕೆ ಚಾಚಿ ಆ ಗೋಳಗಳನ್ನು ಆಡಿಸಿದರು. ಗೋಳ ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಚರ್ಮಕ್ಕೆ ತಿಳಿಯುತ್ತಿತ್ತು, ಅಷ್ಟೆ. ಎಸೆದು ಹಿಡಿಯುವ ಬದಲು ಮೈಗೆ ತಾಗಿಸಿಯೇ ಉರುಳಿಸುವ ಈ ಬಗೆಗೆ ‘ಕಾಂಟ್ಯಾಕ್ಟ್’ ಎಂಬ ಹೆಸರಿದೆ. ಉರುಳುವ ಕೋಲೂ ಇದೇ ಜಾತಿಗೆ ಸೇರಿದ್ದು.

ಇವನ್ನೆಲ್ಲ ಒಟ್ಟಾಗಿ ‘ಫ್ಲೋ ಆರ್ಟ್ಸ್’ ಎನ್ನುತ್ತಾರೆ. ‘ಫ್ಲೋ’ ಎಂಬ ಮಾತಿಗೆ ಮನಶ್ಶಾಸ್ತ್ರದಲ್ಲಿ ಹೆಸರು ತಂದವರು ಹಂಗೇರಿ ಮೂಲದ ಅಮೆರಿಕನ್ ವಿದ್ವಾಂಸ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (1934–2021). ಕೆಲಸದ ಕಷ್ಟವೂ ನಮ್ಮ ಕೌಶಲವೂ ಸರಿಸಮನಾಗಿದ್ದಾಗ ಮನಸ್ಸು ಅದರಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದು ಅವರ ವಿವರಣೆ. ಕೆಲಸ ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಭಯ. ನಡುವಿನ ಆ ಹದವೇ ‘ಫ್ಲೋ’.

ಕೋಲು ಜಾರಿ ಬೀಳುವುದಿಲ್ಲವೇಕೆ?

ವಿಜ್ಞಾನ ಓದುವ ಮಕ್ಕಳಿಗೆ ಇಲ್ಲೊಂದು ರುಚಿಯಾದ ಲೆಕ್ಕವಿದೆ. ಬರಿಯ ಪೈಪನ್ನು ತೋಳಿನ ಮೇಲಿಟ್ಟು ತೋಳನ್ನು ಸ್ವಲ್ಪ ಓರೆ ಮಾಡಿದರೆ ಸರ್ರನೆ ಉರುಳಿ ಬೀಳುತ್ತದೆ. ಅದೇ ಪೈಪಿನ ತುದಿಗಳಿಗೆ ಕಡ್ಡಿ, ಭಾರ ಸೇರಿಸಿದರೆ ಆನೆಯ ನಡಿಗೆಯಂತೆ ನಿಧಾನ. ಏಕೆ?

ಉರುಳುವ ವಸ್ತು ಎರಡು ಕೆಲಸ ಮಾಡಬೇಕು. ಮುಂದಕ್ಕೂ ಸಾಗಬೇಕು, ತನ್ನ ಸುತ್ತಲೂ ತಿರುಗಬೇಕು. ಭಾರವು ನಡುವಿನ ಅಚ್ಚಿನಿಂದ ದೂರವಿದ್ದಷ್ಟೂ ಅದನ್ನು ತಿರುಗಿಸುವುದು ಕಷ್ಟ. ಇದನ್ನೇ ಪಿ.ಯು.ಸಿ. ಪಾಠದಲ್ಲಿ ‘ಮೊಮೆಂಟ್ ಆಫ್ ಇನರ್ಷಿಯಾ’ ಎಂದು ಓದುತ್ತಾರೆ. ಈ ಬೆಲೆಯನ್ನು ವಸ್ತುವಿನ ಒಟ್ಟು ದ್ರವ್ಯರಾಶಿ ಮತ್ತು ಕೋಲಿನ ತ್ರಿಜ್ಯದ ವರ್ಗ, ಇವೆರಡರ ಗುಣಲಬ್ಧದಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ. ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ ಇಳಿಜಾರು ಕೊಡುವ ವೇಗೋತ್ಕರ್ಷವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಉರುಳುವ ವಸ್ತುವಿನ ವೇಗೋತ್ಕರ್ಷ ಸಿಗುತ್ತದೆ.

ತೆಳುಗೋಡೆಯ ಬರಿ ಪೈಪಿಗೆ ಆ ಸಂಖ್ಯೆ ಸುಮಾರು 2. ಈಗ 1 ಕಿಲೋ ತೂಕದ ಡ್ರ್ಯಾಗನ್ ಸ್ಟಾಫ್ ತೆಗೆದುಕೊಳ್ಳಿ. ಕಡ್ಡಿಗಳ ತುದಿಯಲ್ಲಿ, ಅಚ್ಚಿನಿಂದ 18 ಸೆಂ.ಮೀ. ದೂರದಲ್ಲಿ, ಎಂಟು ಟೆನಿಸ್ ಚೆಂಡುಗಳಿವೆ ಎನ್ನಿ. ಒಂದು ಚೆಂಡು ಸುಮಾರು 58 ಗ್ರಾಂ. ರಬ್ಬರು ಸುತ್ತಿದ ಕೋಲಿನ ತ್ರಿಜ್ಯ 1.4 ಸೆಂ.ಮೀ. ಆಗ ಆ ಸಂಖ್ಯೆ 80ರ ಆಸುಪಾಸು! ಅರ್ಧ ಮೀಟರ್ ಉದ್ದಕ್ಕೆ 9 ಸೆಂ.ಮೀ.ನಷ್ಟು ಇಳಿಯುವ ಓರೆಯಲ್ಲಿ ಬರಿ ಪೈಪು ಸುಮಾರು 1 ಸೆಕೆಂಡಿನಲ್ಲಿ ಕೆಳಗಿಳಿದರೆ, ಕಡ್ಡಿಯ ಕೋಲಿಗೆ ಸುಮಾರು 7 ಸೆಕೆಂಡು ಬೇಕು. ಹೊಸಬನೊಬ್ಬ ಯೋಚಿಸಿ ಕೈ ಸರಿಪಡಿಸಿಕೊಳ್ಳಲು ಇಷ್ಟು ಬಿಡುವು ಸಾಲದೇ?

ಇನ್ನೊಂದು ಉಪಕಾರವೂ ಇದೆ. ತಿರುಗುವ ಬುಗುರಿ ವಾಲಿದರೂ ತಕ್ಷಣ ಬೀಳುವುದಿಲ್ಲ, ತೂಗಾಡುತ್ತಾ ಸುತ್ತುತ್ತದೆ, ಅಲ್ಲವೇ? ಈ ಕೋಲೂ ಹಾಗೆಯೇ. ಚೆನ್ನಾಗಿ ತಿರುಗುತ್ತಿರುವಾಗ ಅದರ ನಡುಭಾಗ ತೋಳಿನಿಂದ ಒಂದೆರಡು ಸೆಂ.ಮೀ. ಆಚೀಚೆಯಾದರೂ ಫಕ್ಕನೆ ಒಂದು ಕಡೆಗೆ ಮಗುಚುವುದಿಲ್ಲ. ನಿಧಾನವಾಗಿ ದಿಕ್ಕು ಬದಲಿಸುತ್ತದೆ, ಅಷ್ಟೆ. ಅಂದರೆ ನಿಂತ ಕೋಲಿಗಿಂತ ತಿರುಗುವ ಕೋಲು ನಮ್ಮ ತಪ್ಪನ್ನು ಹೆಚ್ಚು ಮನ್ನಿಸುತ್ತದೆ. ಹೆದರಿ ಗಬಕ್ಕನೆ ಹಿಡಿದಿರೋ, ಆ ತಿರುಗುವಿಕೆಯೂ ಹೋಯಿತು, ಆಟವೂ ಕೆಟ್ಟಿತು. ‘ಹಿಡಿಯಬೇಡ’ ಎಂಬ ಪಾಠದ ಗುಟ್ಟು ಇದೇ.

ಮನೆಯಲ್ಲೇ ಮಾಡಿಕೊಳ್ಳಿ

ಸಿದ್ಧ ಕೋಲುಗಳು ಸಿಗುತ್ತವೆ. ಆದರೆ ಮಗುವಿನ ಆಸಕ್ತಿ ಎಷ್ಟು ದಿನದ್ದೆಂದು ತಿಳಿಯುವ ಮುನ್ನ ಹಣ ಸುರಿಯುವುದೇಕೆ? ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಒಂದು ಭಾನುವಾರದಲ್ಲಿ ಮಾಡಿಕೊಳ್ಳಬಹುದು. ಕೊಯ್ಯುವ, ಕೊರೆಯುವ ಕೆಲಸ ಮಾತ್ರ ದೊಡ್ಡವರದು.

ಸುಮಾರು 25 ಮಿ.ಮೀ. ದಪ್ಪದ, ಗಟ್ಟಿ ಗೋಡೆಯ ಪಿ.ವಿ.ಸಿ. ಪೈಪು ತನ್ನಿ. ಉದ್ದ, ಆಡುವವರ ಗದ್ದದವರೆಗೆ ಬಂದರೆ ಸಾಕು. ಎರಡೂ ತುದಿಗಳ ಒಳಗೆ ಒಂದು ಗೇಣು ಮರದ ತುಂಡನ್ನು ಬಿಗಿಯಾಗಿ ಹೊಡೆಯಿರಿ, ಇಲ್ಲವಾದರೆ ಪೈಪು ಸೀಳುತ್ತದೆ. ತುದಿಯಿಂದ 2 ಸೆಂ.ಮೀ. ಒಳಗೆ ಆರ್‌ಪಾರ್ ಒಂದು ತೂತು, 4 ಸೆಂ.ಮೀ. ಒಳಗೆ ಅದಕ್ಕೆ ಅಡ್ಡಲಾಗಿ ಇನ್ನೊಂದು ತೂತು ಕೊರೆಸಿ. ಬಡಗಿಯ ಬಳಿ ಐದು ನಿಮಿಷದ ಕೆಲಸ. ತಲಾ 40 ಸೆಂ.ಮೀ. ಉದ್ದದ, 10 ಮಿ.ಮೀ. ದಪ್ಪದ ಮರದ ಕಡ್ಡಿಗಳನ್ನು ಸರಿಯಾಗಿ ನಡುವಿಗೆ ಬರುವಂತೆ ತೂರಿಸಿ ಎಂ-ಸೀಲ್ ಹಚ್ಚಿ. ಒಂದು ತುದಿಗೆ ಎರಡು ಕಡ್ಡಿ, ಅಂದರೆ ನಾಲ್ಕು ಕೈ. ಎಂಟೂ ಕೈಗಳಿಗೆ ಹಳೆಯ ಟೆನಿಸ್ ಚೆಂಡು ಸಿಕ್ಕಿಸಿ ಅಂಟಿಸಿ. ಚಿಕ್ಕ ಮಕ್ಕಳಿಗಾದರೆ ಹಗುರವಾದ ಸ್ಪಂಜಿನ ಚೆಂಡೇ ಸರಿ.

ಕೊನೆಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಒಂದರ ಮೇಲೊಂದು ಏರದಂತೆ ಕೋಲಿನ ಉದ್ದಕ್ಕೂ ಓರೆಯಾಗಿ ಸುತ್ತಿ. ನುಣುಪು ಪೈಪು ಚರ್ಮದ ಮೇಲೆ ಜಾರುತ್ತದೆ. ರಬ್ಬರು ಸುತ್ತಿದ್ದು ಹಿಡಿದು ಉರುಳುತ್ತದೆ.

ಈಗ ಪರೀಕ್ಷೆ. ಒಂದೇ ಎತ್ತರದ ಎರಡು ಕುರ್ಚಿಗಳ ಬೆನ್ನಿನ ಮೇಲೆ ಕೋಲನ್ನು ಅಡ್ಡಲಾಗಿ ಇಟ್ಟು ಮೆಲ್ಲಗೆ ಉರುಳಿಸಿ. ಪ್ರತಿ ಸಲವೂ ಅದೇ ಚೆಂಡು ಕೆಳಗೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚಿದೆ ಎಂದರ್ಥ. ಎದುರು ಕೈಗೆ ಸ್ವಲ್ಪ ಟೇಪು ಸುತ್ತಿ ಸರಿದೂಗಿಸಿ. ಆಮೇಲೆ ಒಂದು ಬೆರಳಿನ ಮೇಲೆ ತೂಗಿ ನಡುಬಿಂದು ಹುಡುಕಿ, ಅಲ್ಲೊಂದು ಬಣ್ಣದ ಟೇಪು ಅಂಟಿಸಿ. ಮುಂದಿನ ಪಾಠಗಳಲ್ಲಿ ಕಣ್ಣು ಆ ಗುರುತಿನ ಮೇಲೇ ಇರಬೇಕು.

ನಾಲ್ಕು ಪಾಠಗಳು

ಜಾಗ ಬಯಲಾಗಿರಲಿ. ಸುತ್ತ ಮೂರು ಮೀಟರ್ ಯಾರೂ ಇರಬಾರದು, ತಲೆಯ ಮೇಲೆ ಫ್ಯಾನು, ತಂತಿ ಇರಬಾರದು. ಹುಲ್ಲು ಅಥವಾ ಮರಳಾದರೆ ಕೋಲಿಗೂ ಕಾಲಿಗೂ ಒಳ್ಳೆಯದು. ಕೈಗಡಿಯಾರ, ಬಳೆ, ಉಂಗುರ, ಕನ್ನಡಕ ತೆಗೆದಿಡಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ತೋಳು ಬರಿದಾಗಿದ್ದರೆ ಅಥವಾ ಹತ್ತಿಯ ಅಂಗಿಯಿದ್ದರೆ ಹಿಡಿತ ಚೆನ್ನ.

ಮೊದಲ ಪಾಠ: ಎರಡೂ ತೋಳುಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿ. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಮುಂಗೈಗಳ ಮೇಲೆ ಕೋಲನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಕೈಬೆರಳುಗಳನ್ನು ಸ್ವಲ್ಪ ಎತ್ತಿದರೆ ಕೋಲು ಮೊಣಕೈಯತ್ತ ಬರುತ್ತದೆ, ಇಳಿಸಿದರೆ ಅಂಗೈಯತ್ತ ಹೋಗುತ್ತದೆ. ಇಷ್ಟೇ! ಆದರೆ ಇದರಲ್ಲೇ ಎಲ್ಲವೂ ಇದೆ. ಕೋಲನ್ನು ತಳ್ಳಬಾರದು, ಇಳಿಜಾರನ್ನು ಮಾತ್ರ ಬದಲಿಸಬೇಕು. ಕೋಲು ತುದಿ ಮುಟ್ಟುವ ಮೊದಲೇ ಓರೆಯನ್ನು ತಿರುಗಿಸಬೇಕು. ಮೊದಲೆರಡು ದಿನ ಎಲ್ಲರೂ ತಡಮಾಡುತ್ತಾರೆ, ಕೋಲು ಕಾಲ ಬಳಿ ಬೀಳುತ್ತದೆ. ಬೀಳಲಿ ಬಿಡಿ. ಬೀಳುವಾಗ ಹಿಡಿಯಲು ಹೋಗದೆ ಹಿಂದೆ ಸರಿಯುವುದನ್ನೂ ಇಲ್ಲೇ ಕಲಿಯಬೇಕು.

ಎರಡನೆಯ ಪಾಠ: ಅದನ್ನೇ ಒಂದು ತೋಳಿನಲ್ಲಿ. ಬಣ್ಣದ ಗುರುತು ಸರಿಯಾಗಿ ತೋಳಿನ ಮೇಲಿರಲಿ. ಇನ್ನೊಂದು ಕೈ ಪಕ್ಕದಲ್ಲೇ, ಮುಟ್ಟದೆ, ಕಾವಲಿಗಿರಲಿ. ಬಲಗೈಯಲ್ಲಿ ಹತ್ತು ಸಲವಾದರೆ ಎಡಗೈಯಲ್ಲಿ ಇಪ್ಪತ್ತು ಸಲ.

ಮೂರನೆಯ ಪಾಠ: ತೋಳಿನಿಂದ ತೋಳಿಗೆ. ಕೋಲು ಬಲಗೈಯ ಬೆರಳತುದಿಯತ್ತ ಬರುತ್ತಿದ್ದಂತೆ ಎಡತೋಳನ್ನು ಪಕ್ಕದಿಂದ ಮುಂದಕ್ಕೆ ಚಾಚಿ ಕೋಲಿನ ಅಡಿಗೆ ತನ್ನಿ. ಕೋಲು ಎಡಗೈ ಮೇಲೆ ಉರುಳಲು ಹತ್ತಿದೊಡನೆ ಬಲಗೈಯನ್ನು ಹಿಂದಕ್ಕೆಳೆದು ಮತ್ತೆ ಮುಂದಕ್ಕೆ ಒಯ್ಯಿರಿ. ಹಗ್ಗವನ್ನು ಒಂದು ಕೈಯಾದ ಮೇಲೆ ಒಂದು ಕೈಯಿಂದ ಎಳೆದುಕೊಳ್ಳುವ ಹಾಗೆ. ಹದ ಸಿಕ್ಕಿದಾಗ ಕೋಲು ಗಾಳಿಯಲ್ಲಿ ಇದ್ದಲ್ಲೇ ಇದ್ದು ತಿರುಗುತ್ತಿರುತ್ತದೆ, ಕೈಗಳು ಅದರಡಿಯಲ್ಲಿ ನಡೆಯುತ್ತಿರುತ್ತವೆ! ಒಂದೇ ಎಚ್ಚರಿಕೆ: ತಿರುಗುವ ದಿಕ್ಕು ಕೆಡಬಾರದು.

ನಾಲ್ಕನೆಯ ಪಾಠ: ಭುಜಗಳ ಮೇಲಿಂದ. ಮೂರು ಪಾಠ ಕೈಗೆ ಹತ್ತಿದ ಮೇಲೆಯೇ ಇದು, ಅದೂ ದೊಡ್ಡವರೊಬ್ಬರು ಎದುರಿಗಿರುವಾಗ. ತೋಳುಗಳನ್ನು ಎರಡೂ ಪಕ್ಕಕ್ಕೆ ಚಾಚಿ, ತಲೆಬಾಗಿ, ಒಂದು ತೋಳಿನ ಮೇಲಿಂದ ಕತ್ತಿನ ಹಿಂಬದಿ ದಾಟಿಸಿ ಇನ್ನೊಂದು ತೋಳಿಗೆ ಉರುಳಿಸುವುದು. ತಲೆ ಎತ್ತಿದರೆ ಕೋಲು ತಲೆಗೆ ತಾಗುತ್ತದೆ. ಈ ಪಾಠ ಮುಗಿಸಿದವರಿಗೆ ‘ಹೇಲೋ’, ‘ಚೀ ರೋಲ್’, ‘ಮೇಟ್ರಿಕ್ಸ್’ ಮುಂತಾದ ಪಟ್ಟುಗಳ ಬಾಗಿಲು ತೆರೆಯುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಧಾರಾಳ. ಮುಂಗೈ, ಮೊಣಕೈಗಳಲ್ಲಿ ಮೊದಲ ವಾರ ಅಲ್ಲಲ್ಲಿ ನೋವು ಸಹಜ. ಹೆಚ್ಚಾದರೆ ಒಂದೆರಡು ದಿನ ಬಿಡುವು ಕೊಡಿ.

ಬೆಂಕಿ ಮಾತ್ರ ಬೇಡ

ಪ್ರದರ್ಶನಗಳಲ್ಲಿ ಕಡ್ಡಿಗಳ ತುದಿಗೆ ಬೆಂಕಿ ಹಚ್ಚಿ ಆಡುವುದನ್ನು ಮಕ್ಕಳು ನೋಡಿರುತ್ತಾರೆ. ನೆನಪಿಡಿ: ಆ ಕೋಲೇ ಬೇರೆ. ಲೋಹದ ಕೊಳವೆ, ಸುಲಭವಾಗಿ ಉರಿದುಹೋಗದ ಕೆವ್ಲಾರ್ ನೂಲಿನ ಬತ್ತಿ, ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಕಾಯುವ ಜೊತೆಗಾರ, ವರ್ಷಗಳ ಅಭ್ಯಾಸ. ಇಷ್ಟೆಲ್ಲ ಇದ್ದೂ ಬಲ್ಲವರು ಅಂಜುತ್ತಲೇ ಆಡುತ್ತಾರೆ. ಮನೆಯಲ್ಲಿ ಮಾಡಿದ ಪ್ಲಾಸ್ಟಿಕ್, ಮರ, ಟೆನಿಸ್ ಚೆಂಡಿನ ಕೋಲಿಗೆ ಬೆಂಕಿ ಸೋಕಿದರೆ ಅದು ಆಟವಲ್ಲ, ಅನಾಹುತ. ಈ ಕಲೆಯ ಸೊಗಸು ಉರುಳುವುದರಲ್ಲಿದೆ, ಉರಿಯುವುದರಲ್ಲಿಲ್ಲ. ರಾತ್ರಿ ಮಿನುಗಲೇಬೇಕೆಂದರೆ ಚಿಕ್ಕ ಎಲ್.ಇ.ಡಿ. ದೀಪಗಳಿವೆ. ಅಮ್ಮನ ಆತಂಕಕ್ಕೆ ಉತ್ತರ ಇಷ್ಟೇ: ಕೋಲು ಕೊಡಿ, ಬೆಂಕಿಗೆ ಮಾತ್ರ ಖಂಡಿತವಾಗಿ ‘ಇಲ್ಲ’ ಎನ್ನಿ.

ಇದರಿಂದ ಏನು ಪ್ರಯೋಜನ?

ಇನ್ನು ಅಪ್ಪನ ಪ್ರಶ್ನೆ. ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ, ನಿಜ. ಕೋಲು ಉರುಳಿಸಿದರೆ ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಇಂಥ ಕಲಿಕೆ ತಲೆಯೊಳಗೆ ಏನೂ ಮಾಡುವುದಿಲ್ಲ ಎನ್ನುವಂತೆಯೂ ಇಲ್ಲ. ಜರ್ಮನಿಯ ವಿಜ್ಞಾನಿಗಳು 24 ಮಂದಿ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು ಮೂರು ಚೆಂಡುಗಳ ಜಗ್ಲಿಂಗ್ ಕಲಿಯಲು ಹೇಳಿದರು. ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಹೋಲಿಸಿದಾಗ, ಚಲನೆಯನ್ನು ಗ್ರಹಿಸುವ ಭಾಗದಲ್ಲಿ ಬೂದುದ್ರವ್ಯ ಹೆಚ್ಚಿದ್ದು ಕಂಡಿತು. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಭ್ಯಾಸ ಬಿಟ್ಟು ಮೂರು ತಿಂಗಳಾದ ಮೇಲೆ ನೋಡಿದರೆ ಆ ಹೆಚ್ಚಳ ಬಹುಮಟ್ಟಿಗೆ ಇಳಿದಿತ್ತು! ಅದು ಚೆಂಡಿನ ಪ್ರಯೋಗ, ಕೋಲಿನದಲ್ಲ. ಆದರೂ ಹೊಸ ಕುಶಲತೆ ಬೆಳೆದವರ ಮಿದುಳನ್ನೂ ತಿದ್ದಬಲ್ಲದು, ಬಿಟ್ಟರೆ ಉಳಿಯದು ಎಂಬ ಮಾತು ಯಾವ ವಿದ್ಯಾರ್ಥಿಗೆ ಬೇಡ?

ಅದಕ್ಕಿಂತ ದೊಡ್ಡ ಲಾಭ ಬೇರೆಯದು. ನಮ್ಮ ಮಕ್ಕಳು ಮಾಡುವ ಬಹುತೇಕ ಕೆಲಸಗಳಲ್ಲಿ ತಪ್ಪಿಗೆ ಬೆಲೆ ತೆರಬೇಕು. ಕೆಂಪು ಶಾಯಿ, ಕಡಿಮೆ ಅಂಕ, ಪಕ್ಕದ ಮನೆಯವರ ಮಗನೊಂದಿಗೆ ಹೋಲಿಕೆ. ಹೀಗಾಗಿ ತಪ್ಪಿಗೆ ಹೆದರಿ ಪ್ರಯತ್ನವನ್ನೇ ಮಾಡದ ಮಕ್ಕಳಿದ್ದಾರೆ. ಇಲ್ಲಿ ಕೋಲು ಒಂದು ಸಂಜೆಗೆ ನೂರು ಸಲ ಬೀಳುತ್ತದೆ. ಯಾರೂ ಲೆಕ್ಕವಿಡುವುದಿಲ್ಲ. ಬಿದ್ದದ್ದು ಏಕೆಂದು ಕೋಲೇ ಹೇಳುತ್ತದೆ: ಎಡಕ್ಕೆ ಮಗುಚಿದರೆ ನಡುಬಿಂದು ತಪ್ಪಿತ್ತು, ಮುಂದಕ್ಕೆ ಓಡಿದರೆ ಓರೆ ಹೆಚ್ಚಾಗಿತ್ತು. ಬಗ್ಗಿ ಎತ್ತಿಕೊಂಡು ಮತ್ತೆ ಶುರು. ನೂರಾ ಒಂದನೆಯ ಸಲ ಅದು ಬೆರಳತುದಿಯಿಂದ ಇನ್ನೊಂದು ತೋಳಿಗೆ ಮೆಲ್ಲಗೆ ದಾಟಿದಾಗ ಮಗುವಿನ ಮುಖ ನೋಡಬೇಕು!

ಪೋಷಕರಿಗೆ ಒಂದು ಕಿವಿಮಾತು. ಮಕ್ಕಳು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕುಳಿತಿರಿ. ಆದರೆ ‘ಹಾಗಲ್ಲ, ಹೀಗೆ’ ಎಂದು ಹೆಜ್ಜೆಹೆಜ್ಜೆಗೂ ತಿದ್ದಬೇಡಿ, ಮೊದಲ ವಾರವೇ ನೆಂಟರ ಮುಂದೆ ಪ್ರದರ್ಶನಕ್ಕೆ ನಿಲ್ಲಿಸಬೇಡಿ. ಮನಸ್ಸಿದ್ದರೆ ನೀವೂ ಕೋಲನ್ನು ತೋಳಿನ ಮೇಲಿಟ್ಟುಕೊಂಡು ನೋಡಿ. ಅದು ನಿಮ್ಮ ಕೈಯಿಂದಲೂ ಬೀಳುತ್ತದೆ. ಅಪ್ಪ ಅಮ್ಮಂದಿರೂ ಬೀಳಿಸುತ್ತಾರೆ ಎಂಬುದು ಮಗುವಿಗೆ ತಿಳಿಯುವುದು ಒಳ್ಳೆಯದೇ. ಉರುಳುವುದನ್ನು ಬಿಗಿಹಿಡಿದರೆ ನಿಂತುಹೋಗುತ್ತದೆ, ಸರಿಯಾದ ಇಳಿಜಾರು ಕೊಟ್ಟು ಅಡಿಯಲ್ಲಿ ಕೈಯಿಟ್ಟರೆ ತಾನೇ ದಾರಿ ಹಿಡಿಯುತ್ತದೆ. ಈ ಮಾತು ಕೋಲಿಗಷ್ಟೇ ಅನ್ವಯಿಸುವುದೋ, ಮಕ್ಕಳಿಗೂ ಅನ್ವಯಿಸುವುದೋ ನೀವೇ ಯೋಚಿಸಿ.